ಟೊಮೆಟೊ ಸಸಿಗೆ ದುಬಾರಿ ಗ್ರೋ ಲೈಟ್ ಬೇಡ

ಮಳೆಗಾಲದಲ್ಲಿ ಫ್ಲ್ಯಾಟ್ ಒಳಗೆ ಟೊಮೆಟೊ ಬೀಜ ಹಾಕಿದರೆ ಸಸಿ ದಾರದ ಹಾಗೆ ಉದ್ದವಾಗಿ ಬಿದ್ದುಹೋಗುತ್ತದೆ, ಗಿಡ ಬೆಳೆಸಲೆಂದೇ ಮಾರುವ ಮೂರು ಸಾವಿರದ ಗ್ರೋ ಲೈಟ್ ಕಿಟ್ ತಗೊಳ್ಳಲೇಬೇಕಾ ಅಂತ ಕೇಳಿದ್ದೀರಿ. ಖಂಡಿತ ಬೇಡ.

ಬೆಳಕು ಸಾಲದೆ ಹಾಗಾಗುತ್ತದೆ, ಅಷ್ಟೇ. ಮನೆಗೆ ಹಾಕುವ 20 ವ್ಯಾಟಿನ ಬಿಳಿ ಎಲ್‌ಇಡಿ ಟ್ಯೂಬ್‌ಲೈಟ್ ಸಾಕು, ಡಬ್ಬದ ಮೇಲೆ 6500 ಕೆ (ಹಗಲಿನಂಥ ಬಿಳಿ ಬೆಳಕಿನ ಗುರುತು) ಅಂತ ಇರುವುದನ್ನು ನೋಡಿ ತನ್ನಿ. ಹಳೇ ಚಪ್ಪಲಿ ಸ್ಟ್ಯಾಂಡಿಗೆ ದಾರದಲ್ಲಿ ಇಳಿಬಿಟ್ಟು ಕಟ್ಟಿ, ಸಸಿಯ ತಲೆಗೂ ಲೈಟಿಗೂ ಮೂರ್ನಾಲ್ಕು ಇಂಚು ಮಾತ್ರ ಇರಲಿ, ಸಸಿ ಬೆಳೆದ ಹಾಗೆ ದಾರ ಮೇಲೆಳೆಯಿರಿ. ನಾನು ಮೊದಲ ಸಲ ಗೋಡೆಯ ಲೈಟೇ ಸಾಕು ಅಂದುಕೊಂಡು ಎರಡು ಟ್ರೇ ಸುಮ್ನೆ ಹಾಳು ಮಾಡಿಕೊಂಡೆ. ದಿನಕ್ಕೆ 14 ಗಂಟೆ ಉರಿಸಿದರೂ ತಿಂಗಳಿಗೆ ಎಂಟೂವರೆ ಯೂನಿಟ್ ದಾಟಲ್ಲ.

ಕುಂಡಕ್ಕೂ ದುಡ್ಡು ಹಾಕಬೇಡಿ. ಮೊಸರಿನ ಕಪ್ಪಿನ ತಳಕ್ಕೆ ಕಾಯಿಸಿದ ಮೊಳೆಯಿಂದ ನಾಲ್ಕು ತೂತು ಮಾಡಿ. ಅದಕ್ಕೆ ತುಂಬುವ ಕೋಕೋಪೀಟಿನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ, ಉಪ್ಪಿನಂಶ ಇರುತ್ತದೆ, ತೊಳೆದು ಹಿಂಡಿ ಆಮೇಲೆ ಸ್ವಲ್ಪ ಎರೆಗೊಬ್ಬರ ಬೆರೆಸಿ. ಬೀಜ ಹಾಕಿ ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ, ಆದರೆ ಮೊಳಕೆ ಕಂಡ ದಿನವೇ ತೆಗೆದುಬಿಡಿ, ಇಲ್ಲದಿದ್ದರೆ ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಎಲ್ಲಾ ಮಲಗುತ್ತವೆ. ನೀರನ್ನೂ ಕೆಳಗಿನ ತಟ್ಟೆಗೇ ಹಾಕಿ.

ಯೂಟ್ಯೂಬಿನಲ್ಲಿ ಟ್ರೇ ಕೆಳಗೆ ಹಾಸಿ ಬಿಸಿ ಮಾಡುವ ಹೀಟ್ ಮ್ಯಾಟ್ ತೋರಿಸುತ್ತಾರಲ್ವಾ, ಅದು ಚಳಿದೇಶದವರಿಗೆ. ಬೆಂಗಳೂರಿಗೆ ಯಾಕೆ?