ಅಣ್ಣತಮ್ಮಂದಿರು ಒಪ್ಪಿಕೊಂಡು ಪಾಲು ಮಾಡಿಕೊಂಡಿದ್ದೇವೆ, ಮಧ್ಯೆ ಸರ್ಕಾರದ ನೋಂದಣಿ ಯಾಕೆ?

ಜಮೀನು ನಮ್ಮದು, ಒಪ್ಪಂದ ನಮ್ಮನಮ್ಮೊಳಗಿನದು, ಇದರಲ್ಲಿ ಸರ್ಕಾರಕ್ಕೇನು ಕೆಲಸ, ಜನರ ಬದುಕಲ್ಲಿ ಸರ್ಕಾರ ಆದಷ್ಟು ಕಡಿಮೆ ಇರಬೇಕು ಅನ್ನುವ ಲಿಬರ್ಟೇರಿಯನ್ನರು ಹೇಳೋದು ಸರಿಯಲ್ವಾ ಅಂತ ಕೇಳಿದ್ದೀರಿ. ಇದೇ ಮಾತನ್ನು ನಾನು ನಮ್ಮಪ್ಪನಿಗೆ ಹೇಳಿದ್ದೆ. ಅಪ್ಪ ನಂಬಿದರು.

ನಮ್ಮದು ತುಮಕೂರು ಜಿಲ್ಲೆ. ತಾತ ತೀರಿಕೊಂಡ ಮೇಲೆ ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಊರಿನ ಹಿರಿಯರನ್ನು ಕೂರಿಸಿಕೊಂಡು ಪಾಲು ಮಾಡಿಕೊಂಡರು. ಬಿಳಿ ಹಾಳೆ ಮೇಲೆ ಪಾಲುಪಟ್ಟಿ ಬರೆದರು, ಅಜ್ಜಿ ಹೆಬ್ಬೆಟ್ಟು ಒತ್ತಿದರು. ದೊಡ್ಡಪ್ಪನಿಗೆ ನೀರಿದ್ದ ಅಡಿಕೆ ತೋಟ, ಚಿಕ್ಕಪ್ಪನಿಗೆ ಕೆರೆ ಹಿಂದಿನ ಗದ್ದೆ, ಅಪ್ಪನಿಗೆ ಹೈವೇ ಪಕ್ಕದ ತೆಂಗಿನ ತೋಟ. ಅಲ್ಲಿ ಬೋರಲ್ಲಿ ನೀರಿರಲಿಲ್ಲ, ಹಾಗಾಗಿ ಅದು ಯಾರಿಗೂ ಬೇಡವಾಗಿತ್ತು. ಜಗಳ ಇಲ್ಲ, ತಂಟೆ ಇಲ್ಲ. ಪಹಣಿ ಮಾತ್ರ ತಾತನ ಹೆಸರಲ್ಲೇ ಉಳಿಯಿತು.

ಕೆಲವು ವರ್ಷ ಕಳೆದ ಮೇಲೆ ಅಪ್ಪ, ಇದನ್ನು ರಿಜಿಸ್ಟರ್ ಮಾಡಿಸಿಬಿಡೋಣ ಅಂದರು. ನಾನಾಗ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ್ದೆ, ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ. 1959ರಲ್ಲಿ ರಾಜಾಜಿ ಸರ್ಕಾರದ ಹಿಡಿತ ವಿರೋಧಿಸುವ ಸ್ವತಂತ್ರ ಪಕ್ಷ ಕಟ್ಟಿದ್ದು ಯಾಕೆ, 1978ರಲ್ಲಿ ಸಂವಿಧಾನದ 44ನೇ ತಿದ್ದುಪಡಿ ತಂದು ಆಸ್ತಿ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೇಗೆ ತೆಗೆದರು, ಎಲ್ಲ ಬಾಯಿಪಾಠ ಆಗಿತ್ತು. ಯಾವ ಸರ್ಕಾರ ನಮ್ಮ ಹಕ್ಕನ್ನೇ ಕಿತ್ತುಕೊಂಡಿದೆಯೋ ಅದರ ಮುದ್ರೆ ನಮಗ್ಯಾಕೆ ಅಂತ ಅಪ್ಪನನ್ನು ತಡೆದೆ. ಮೂರು ಜನ ಒಪ್ಪಿದ್ದೀರಿ, ಅಷ್ಟು ಸಾಕು ಅಂದೆ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವೂ ಅದೇ ಜಾಗದಲ್ಲಿ ನಿಂತಿದ್ದೀರಿ. ಖರ್ಚಿಗೆ ಹೆದರಿ ನಾನು ಬೇಡ ಅಂದಿರಲಿಲ್ಲ. ಮನೆಯೊಳಗಿನ ವಿಭಾಗಪತ್ರಕ್ಕೆ ಕ್ರಯಪತ್ರದ ಹಾಗೆ ಜಮೀನಿನ ಬೆಲೆ ಮೇಲೆ ಶುಲ್ಕ ಬೀಳುವುದಿಲ್ಲ, ಕೃಷಿ ಜಮೀನಿಗಂತೂ ಪಾಲಿಗಿಷ್ಟು ಅಂತ ಸಣ್ಣ ಮೊತ್ತ. ಪಾಲಿನ ಗಡಿ ತೋರಿಸುವ 11ಇ ನಕ್ಷೆಗೆ ಅರ್ಜಿ ಹಾಕಬೇಕು, ಸರ್ವೆಯರ್ ಬರಬೇಕು, ಮೂರೂ ಜನ ಸಬ್ ರಿಜಿಸ್ಟ್ರಾರ್ ಮುಂದೆ ಕೂರಬೇಕು, ಆಮೇಲೆ ಪಹಣಿಯಲ್ಲಿ ಹೆಸರು ಬದಲಾಯಿಸುವ ಮ್ಯುಟೇಶನ್, ಸರ್ವೆ ನಂಬರನ್ನು ಭಾಗ ಮಾಡುವ ಪೋಡಿ. ಓಡಾಟ ಇದೆ, ಆದರೆ ಆಗದ ಕೆಲಸ ಅಲ್ಲ. ಒಪ್ಪಂದ ಮಾಡಿಕೊಂಡವರ ಮಧ್ಯೆ ಅದು ಗಟ್ಟಿಯಾಗಿದ್ದರೆ ಇಡೀ ಲೋಕದ ಮುಂದೆಯೂ ಗಟ್ಟಿ ಅಂತ ನಾನು ತಿಳಿದಿದ್ದೆ. ಆಸ್ತಿ ಹಾಗಲ್ಲ. ಇದು ನನ್ನದು ಅಂದರೆ, ಆ ಮಾತುಕತೆಯಲ್ಲಿ ಕೂತೇ ಇರದ ಮೂರನೆಯವನು ಕೂಡ ಅದನ್ನು ಒಪ್ಪಬೇಕು: ಬ್ಯಾಂಕಿನವನು, ಕೊಳ್ಳುವವನು, ನಾಳೆ ಹುಟ್ಟುವ ಮೊಮ್ಮಗ. ಅವರಿಗೆಲ್ಲ ಗೊತ್ತಾಗೋದು ಎಲ್ಲರೂ ನೋಡಬಹುದಾದ ದಾಖಲೆಯಿಂದ ಮಾತ್ರ.

ಆಮೇಲೆ ಹೈವೇ ಅಗಲ ಮಾಡಲು ಅಧಿಸೂಚನೆ ಬಂತು. ಪೇಪರಲ್ಲಿ ನಮ್ಮ ಸರ್ವೆ ನಂಬರ್, ಅದರ ಮುಂದೆ ತಾತನ ಹೆಸರು. ಅಳತೆಗೆ ಬಂದವರು ಅಪ್ಪ ನೆಟ್ಟ ತೆಂಗಿನ ಮರಗಳ ಬುಡಕ್ಕೆ ಪೇಂಟಲ್ಲಿ ನಂಬರ್ ಬರೆಯುತ್ತಾ ಹೋದರು. ನೀರಿಲ್ಲದ ಆ ಜಮೀನಿಗೆ ಒಂದೇ ಸಲ ಬೆಲೆ ಬಂತು. ದೊಡ್ಡಪ್ಪನ ಮಕ್ಕಳು, ಪಹಣಿ ಇನ್ನೂ ತಾತನ ಹೆಸರಲ್ಲೇ ಇದೆ ತಾನೆ, ಪರಿಹಾರ ಎಲ್ಲರಿಗೂ ಜಂಟಿ ಅಂದರು. ಹಂಚಿಕೆಯ ತಕರಾರು ಬಂದರೆ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಪ್ರಕಾರ ಅಧಿಕಾರಿ ಅದನ್ನು ಸಿವಿಲ್ ಕೋರ್ಟಿಗೆ ಕಳಿಸಬೇಕು. ಕಳಿಸಿದರು. ದುಡ್ಡು ಅಲ್ಲೇ ಕೂತಿತು.

ಕೋರ್ಟಲ್ಲಿ ನಮ್ಮ ಪಾಲುಪಟ್ಟಿ ನಿಲ್ಲಲಿಲ್ಲ. ಹಿಂದೆ ಬಾಯಿಮಾತಲ್ಲಿ ಆಗಿಹೋದ ಪಾಲನ್ನು ನೆನಪಿಗೆ ಬರೆದಿಟ್ಟ ಚೀಟಿಯಾದರೆ ನೋಂದಣಿ ಬೇಕಿಲ್ಲ. ಆದರೆ ನಮ್ಮ ಹಾಳೆಯಲ್ಲಿ "ಈ ದಿವಸ ವಿಭಾಗ ಮಾಡಿಕೊಂಡಿರುತ್ತೇವೆ" ಅಂತಿತ್ತು. ಅಂದರೆ ಅದೇ ವಿಭಾಗಪತ್ರ. 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅದು ನೋಂದಣಿ ಆಗಿರಲೇಬೇಕು. ಆಗಿಲ್ಲದಿದ್ದರೆ 49ನೇ ಸೆಕ್ಷನ್ ಪ್ರಕಾರ ಹಕ್ಕಿಗೆ ಸಾಕ್ಷಿ ಆಗುವುದಿಲ್ಲ.

ಇನ್ನೊಂದಿದೆ, ಇದು ನನ್ನನ್ನು ಈಗಲೂ ಕೊರೆಯುತ್ತದೆ. ಎಲ್ಲರೂ ಒಪ್ಪಿದ್ದರು ಅಂತ ನಾನು ವಾದಿಸುತ್ತಿದ್ದೆ. ಅತ್ತೆಯನ್ನು, ಅಂದರೆ ತಾತನ ಮಗಳನ್ನು, ಯಾರೂ ಕೇಳಿಯೇ ಇರಲಿಲ್ಲ. ಪಾಲು ಮಾಡಿದ ದಿನ ಬಂದವರಿಗೆಲ್ಲ ಊಟ ಬಡಿಸಿದ್ದು ಅವರೇ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಆಗಿದ್ದ ಪಾಲಿಗೆ ಇದು ಅನ್ವಯಿಸುವುದಿಲ್ಲ ಅಂತಲೂ ಹೇಳಿತು. ನಮ್ಮದು ಅದರ ನಂತರದ್ದು. ನಾವು ಸ್ವಂತ ಒಪ್ಪಂದ ಅಂತ ಕರೆದದ್ದು ಅತ್ತೆಯ ಆಸ್ತಿ ಹಕ್ಕನ್ನು ನುಂಗಿತ್ತು. ಅದನ್ನು ಎತ್ತಿಹಿಡಿದದ್ದು ಸರ್ಕಾರದ ಕಾಯ್ದೆ.

ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿ ಆಯಿತು, ಅತ್ತೆಗೂ ಪಾಲು ಹೋಯಿತು. ಅಷ್ಟರಲ್ಲಿ ಸುತ್ತಮುತ್ತ ಜಮೀನಿನ ರೇಟು ಏರಿ, ಅಪ್ಪ ಕೊಳ್ಳಬೇಕೆಂದಿದ್ದ ತೋಟದಲ್ಲಿ ಅರ್ಧವೂ ಆ ದುಡ್ಡಿಗೆ ಬರಲಿಲ್ಲ.

ಹಾಗಾಗಿ ಆಸ್ತಿಯಲ್ಲಿ ಸರ್ಕಾರ ಇರಬೇಕಾ ಬೇಡವಾ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೋರ್ಟು, ಪೊಲೀಸು ಇಷ್ಟಾದರೂ ಸರ್ಕಾರ ಬೇಕು ಅಂತ ಲಿಬರ್ಟೇರಿಯನ್ನರಲ್ಲೇ ಬಹಳ ಜನ ಹೇಳುತ್ತಾರೆ. ದಾಖಲೆ ಇಲ್ಲದೆ ಕೋರ್ಟು ಏನನ್ನು ಕಾಯುತ್ತದೆ? ನಮ್ಮಲ್ಲಿ ಸರ್ಕಾರ ಈ ಕೆಲಸವನ್ನು ಅರ್ಧಕ್ಕೆ ಬಿಟ್ಟಿದೆ. ನೋಂದಣಿ ಆಗೋದು ಪತ್ರ, ಒಡೆತನ ಅಲ್ಲ. ಪಹಣಿಯೂ ಒಡೆತನಕ್ಕೆ ಗ್ಯಾರಂಟಿ ಅಲ್ಲ, ಬೇರೆ ಸಾಬೀತಾಗುವವರೆಗೆ ಸರಿ ಅಂತ ಊಹಿಸಿಕೊಳ್ಳುವ ದಾಖಲೆ ಅಷ್ಟೆ. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1858ರಿಂದಲೇ ಒಡೆತನಕ್ಕೆ ಸರ್ಕಾರವೇ ಜವಾಬ್ದಾರಿ ಹೊರುತ್ತಿದೆ. ಸಿಟ್ಟಿದ್ದರೆ ಅದು ನಮಗ್ಯಾಕಿಲ್ಲ ಅಂತ ಕೇಳಿ.

ಸರ್ಕಾರ ಕಿತ್ತುಕೊಳ್ಳಲು ಬಂದಾಗ ಮಾತ್ರ ಒಂದಿಂಚೂ ಬಿಡಬೇಡಿ. ಬೆಂಗಳೂರು-ಮೈಸೂರು ಕಾರಿಡಾರ್ ರಸ್ತೆ ಯೋಜನೆಗೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) 2003ರಲ್ಲಿ ಅಧಿಸೂಚನೆ ಹೊರಡಿಸಿ, 2005ರಲ್ಲಿ ಜಮೀನು ವಶಕ್ಕೆ ತಗೊಂಡು, 2019ರವರೆಗೆ ಪರಿಹಾರವನ್ನೇ ನಿಗದಿ ಮಾಡದ ಪ್ರಕರಣ ಇದೆ. ನಿಗದಿ ಮಾಡುವಾಗಲೂ 2011ರ ದರ ಹಿಡಿದರು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, 2019ರ ಮಾರುಕಟ್ಟೆ ಬೆಲೆ ಕೊಡಿ ಅಂದಿತು. ಆ ಭೂಮಾಲೀಕರ ಕೈಯಲ್ಲಿದ್ದ ಅಸ್ತ್ರ, ಕಾನೂನಿನ ಅಧಿಕಾರ ಇಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಅನ್ನುವ ಸಂವಿಧಾನದ 300ಎ ವಿಧಿ, ಅಂದರೆ 44ನೇ ತಿದ್ದುಪಡಿ ಉಳಿಸಿಕೊಟ್ಟ ಹಕ್ಕು. ಅವರ ಹತ್ತಿರ ನೋಂದಣಿಯಾದ ಕ್ರಯಪತ್ರ ಇತ್ತು. ಅದಕ್ಕೇ ಅವರು ಸರ್ಕಾರದ ವಿರುದ್ಧ ಹೋರಾಡಿದರು. ನಾವು ದೊಡ್ಡಪ್ಪನ ಮಕ್ಕಳ ವಿರುದ್ಧ ಹೋರಾಡಿದೆವು.

ಮೊದಲು ಪಹಣಿ ತೆಗೆಸಿ, ಮಾಲೀಕರ ಹೆಸರಿರುವ 9ನೇ ಕಾಲಂ ನೋಡಿ. ಅಲ್ಲಿ ತೀರಿಕೊಂಡವರ ಹೆಸರಿದ್ದರೆ ವಂಶವೃಕ್ಷ ಮಾಡಿಸಿ, ವಾರಸುದಾರರ ಹೆಸರಿಗೆ ಬದಲಾಯಿಸುವ ಪೌತಿ ಖಾತೆಗೆ ಅರ್ಜಿ ಕೊಡಿ. ಅತ್ತೆ, ಅಕ್ಕತಂಗಿಯರನ್ನು ಕರೆಯದೆ ಪಾಲಿನ ಮಾತೇ ಎತ್ತಬೇಡಿ. ತಮಗೆ ಪಾಲು ಬೇಡ ಅನ್ನುವವರಿದ್ದರೂ ಅದನ್ನು ಅವರೇ ನೋಂದಣಿ ಪತ್ರದಲ್ಲಿ ಹೇಳಲಿ. ನಿಮ್ಮ ಊರಿನ ಹತ್ತಿರ ರಸ್ತೆ, ರೈಲು, ಕೈಗಾರಿಕೆ ಅಂತ ಸುದ್ದಿ ಹಬ್ಬಿದ್ದರೆ ಇನ್ನೂ ಬೇಗ ಮಾಡಿ. ಜಮೀನಿಗೆ ಬೆಲೆ ಬಂದ ಮೇಲೆ ಯಾರೂ ಸಹಿ ಹಾಕಲು ಬರುವುದಿಲ್ಲ.