ಕೆರೆ ಗೋಡಿನಲ್ಲಿ ಸಿಕ್ಕ ಇದ್ದಿಲು

ಪ್ರಶ್ನೆ: ನಮ್ಮೂರ ಕೆರೆಯ ಹೂಳು ಎತ್ತುತ್ತಿದ್ದಾರೆ. ಜೆಸಿಬಿ ಅಗೆದ ಗುಂಡಿಯ ಗೋಡೆಯಲ್ಲಿ ಕಪ್ಪು, ಬೂದು, ಕಂದು ಪಟ್ಟೆಗಳು ಕಂಡವು. ನಾಲ್ಕಡಿ ಆಳದಲ್ಲಿ ಇದ್ದಿಲಿನ ಚೂರೂ ಸಿಕ್ಕಿತು. ಒಂದು ಪಟ್ಟೆ ಅಂದರೆ ಒಂದು ವರ್ಷ, ಎಣಿಸಿದರೆ ಕೆರೆಯ ವಯಸ್ಸು ಸಿಗುತ್ತದೆ ಅಂತಾನೆ ಮಗ. ನಿಜವಾ ಸಾರ್?
– ಓದುಗರೊಬ್ಬರು, ಹೊಸದುರ್ಗ ತಾಲ್ಲೂಕು

ಉತ್ತರ: ಮಗ ಹೇಳಿದ್ದು ಸುಳ್ಳಲ್ಲ. ಆದರೆ ನಿಮ್ಮೂರ ಕೆರೆಗೆ ಅದು ಹೊಂದುವುದಿಲ್ಲ.

ಜಪಾನಿನಲ್ಲಿ ಸುಯ್ಗೆತ್ಸು ಅಂತ ಒಂದು ಸರೋವರ ಇದೆ. ಅಲ್ಲಿ ಒಂದು ಕಾಲಕ್ಕೆ ಪಾಚಿಯ ತಿಳಿ ಪದರ, ಇನ್ನೊಂದು ಕಾಲಕ್ಕೆ ಜೇಡಿಯ ಗಾಢ ಪದರ ಕೂರುತ್ತದೆ. ಸುಮಾರು 45 ಮೀಟರ್ ಕೆಸರಿನಲ್ಲಿ 70,000 ವರ್ಷದ ಲೆಕ್ಕ! ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಇಲ್ಲ. ತಳದಲ್ಲಿ ಆಮ್ಲಜನಕವಿಲ್ಲ, ಹಾಗಾಗಿ ಹುಳುಹುಪ್ಪಟೆಯಿಲ್ಲ, ಕದಡುವವರೇ ಇಲ್ಲ.

ನಮ್ಮ ಕೆರೆಗಳು ಹಾಗಲ್ಲವಲ್ಲ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತವೆ, ಮೇಲಿನ ಮಣ್ಣು ಬಿರುಕಿಗೆ ಬೀಳುತ್ತದೆ. ಎಮ್ಮೆ ಹೊರಳುತ್ತದೆ, ಏಡಿ ಬಿಲ ತೋಡುತ್ತದೆ. ಒಂದೇ ಜಡಿಮಳೆ ಗೇಣುದ್ದ ಹೂಳು ತಂದು ಹಾಕಬಹುದು, ಬರಗಾಲದ ವರ್ಷ ಏನೂ ಉಳಿಸದೆ ಹೋಗಬಹುದು. ನಮ್ಮಜ್ಜ ಬೇಸಿಗೆ ಬಂದರೆ ಸಾಕು, ಗಾಡಿಗಟ್ಟಲೆ ಗೋಡು ಹೊಡೆಸಿ ಹೊಲಕ್ಕೆ ಹಾಕಿಸುತ್ತಿದ್ದರು. ಅಷ್ಟೂ ಚರಿತ್ರೆ ರಾಗಿಯಾಗಿ ನಮ್ಮ ಹೊಟ್ಟೆ ಸೇರಿದೆ.

ಹಾಗಂತ ನಮ್ಮ ಹೂಳು ಮೂಕ ಅಂದುಕೊಳ್ಳಬೇಡಿ. ನಿಮ್ಮ ಜಿಲ್ಲೆಯದೇ ಚಿತ್ರದುರ್ಗದ ತಿಮ್ಮಣ್ಣನಾಯಕನ ಕೆರೆ ಇದೆಯಲ್ಲ, ಅದರ ಹೂಳಿನಿಂದ ಮಂಗಳೂರು ವಿಶ್ವವಿದ್ಯಾಲಯದವರು ಸುಮಾರು 3,700 ವರ್ಷಗಳ ಮಳೆಯ ಏರಿಳಿತ ಹುಡುಕಿದ್ದಾರೆ. ನಾಯಕರ ಕಾಲಕ್ಕಿಂತ ಎಷ್ಟು ಹಳೆಯ ಕೆಸರು ನೋಡಿ! ಅವರು ಪಟ್ಟೆ ಎಣಿಸುತ್ತ ಕೂರಲಿಲ್ಲ. ಒಂದೊಂದು ವರ್ಷದ ಆಸೆ ಬಿಟ್ಟು ಹತ್ತಾರು ವರ್ಷಗಳ ಲೆಕ್ಕ ಹಿಡಿದರು, ಮಣ್ಣಿನ ಅಯಸ್ಕಾಂತ ಗುಣ ಅಳೆದರು.

ಇದನ್ನು ನೀವು ಮನೆ ಮುಂದೆಯೇ ನೋಡಿರುತ್ತೀರಿ. ಜೋರು ಮಳೆ ನಿಂತ ಮೇಲೆ ರಸ್ತೆ ಪಕ್ಕ, ನೀರು ಹರಿದ ಜಾಗದಲ್ಲಿ ಕಪ್ಪು ಮರಳಿನ ಸಣ್ಣ ಗೆರೆ ಉಳಿದಿರುತ್ತದೆ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಅದರ ಮೇಲೆ ಎಳೆದರೆ ಕಪ್ಪು ಕಾಳು ಮೀಸೆಯ ಹಾಗೆ ನಿಮಿರಿ ನಿಲ್ಲುತ್ತವೆ. ಚಿಕ್ಕವನಿದ್ದಾಗ ಶಾಲೆಗೆ ತಡವಾಗುತ್ತಿದ್ದುದು ಇದರಿಂದಲೇ. ಮಳೆ ಜಾಸ್ತಿಯಾದರೆ ಸುತ್ತಲಿನ ಮಣ್ಣಿನಿಂದ ಇಂಥ ಕಬ್ಬಿಣದ ಕಣಗಳು ಜಾಸ್ತಿ ಕೊಚ್ಚಿಬಂದು ಕೆರೆ ಸೇರುತ್ತವೆ. ಮಳೆ ಕಡಿಮೆಯಾದರೆ ಅವೂ ಕಡಿಮೆ. ಕಣ್ಣಿಗೆ ಕಾಣದಷ್ಟು ಸಣ್ಣವನ್ನೂ ಉಪಕರಣ ಹಿಡಿಯುತ್ತದೆ.

ಇನ್ನು ನಿಮ್ಮ ಇದ್ದಿಲು. ರೇಡಿಯೋಕಾರ್ಬನ್‌ನಿಂದ, ಅಂದರೆ ಮರ ಸತ್ತ ಮೇಲೆ ಕಾಲ ಕಳೆದಂತೆ ಕಡಿಮೆಯಾಗುತ್ತ ಹೋಗುವ ಒಂದು ಬಗೆಯ ಇಂಗಾಲವನ್ನು ಅಳೆದು, ಅದರ ವಯಸ್ಸು ತಿಳಿಯಬಹುದು. ಆದರೆ ಸಿಗುವುದು ಮರದ ವಯಸ್ಸು, ಪದರದ್ದಲ್ಲ. ಗುಡ್ಡದಲ್ಲಿ ಸುಟ್ಟ ಹಳೇ ಮರದ ಚೂರು ನೂರಾರು ವರ್ಷ ಅಲ್ಲೇ ಬಿದ್ದಿದ್ದು ಆಮೇಲೆ ಕೆರೆಗೆ ಬಂದಿರಬಹುದು. ಒಂದು ಚೂರು ನಂಬಿ ಊರಿನ ಕಥೆ ಕಟ್ಟಬೇಡಿ.

ಜೆಸಿಬಿ ಮತ್ತೆ ಬರುವ ಮುಂಚೆ ಒಂದು ಕೆಲಸ ಮಾಡಿ. ಗೋಡೆಯನ್ನು ಕುಡುಗೋಲಿನಿಂದ ನಯವಾಗಿ ಹೆರೆದು, ಟೇಪು ಇಳಿಬಿಟ್ಟು ಫೋಟೊ ತೆಗೆಯಿರಿ. ಇದ್ದಿಲನ್ನು ಕೈಯಲ್ಲಿ ಮುಟ್ಟದೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಆಳ ಬರೆದಿಡಿ. ಮಣ್ಣಿಗೆ ಒಂದು ಪಿವಿಸಿ ಪೈಪು ಬಡಿದಿಳಿಸಿ ಕಿತ್ತರೆ ಇನ್ನೂ ಒಳ್ಳೆಯದು, ಪದರಗಳು ಒಂದರ ಮೇಲೊಂದು ಇದ್ದ ಹಾಗೇ ಒಳಗೆ ಬರುತ್ತವೆ. ನಾನೂ ಒಮ್ಮೆ ಹಾಗೆ ಮೂರು ಪೈಪು ತೆಗೆದಿದ್ದೆ, ಎರಡು ದಿನದ ಬೆವರು. ಇಂಕು ಪೆನ್ನಿನಲ್ಲಿ ಬರೆದ ಚೀಟಿ ಅಂಟಿಸಿದ್ದೆ. ದಾರಿಯಲ್ಲಿ ಮಳೆ ಬಂತು. ಮನೆಗೆ ಬಂದು ನೋಡಿದರೆ ಯಾವ ತುದಿ ಮೇಲಿನದು, ಯಾವುದು ಕೆಳಗಿನದು, ಒಂದೂ ಗೊತ್ತಾಗಲಿಲ್ಲ. ಹೆಂಡತಿ ಆ ಮಣ್ಣನ್ನು ಕರಿಬೇವಿನ ಗಿಡಕ್ಕೆ ಹಾಕಿದಳು. ನೀವು ಪೈಪನ್ನು ಕಿತ್ತ ಕೂಡಲೇ ಮೇಲ್ತುದಿಗೆ ಅಳಿಸದ ಮಾರ್ಕರಿನಲ್ಲಿ ಬಾಣ ಗುರುತು ಹಾಕಿ. ಸಾಲದಿದ್ದರೆ ಗರಗಸದಿಂದ ಒಂದು ಕಚ್ಚು ಹಾಕಿಬಿಡಿ.