ಊಟಿಯ ಚಳಿಯಲ್ಲಿ ಹುಣಸೆಯ ಬೋನ್ಸಾಯ್

ಪ್ರಶ್ನೆ: ನಮ್ಮ ಮೂಲಮನೆ ಕಾಸರಗೋಡಿನ ಬದಿಯಡ್ಕದ ಬಳಿ ಇದೆ, ಉದ್ಯೋಗದ ನಿಮಿತ್ತ ಊಟಿಯಲ್ಲಿ ನೆಲೆಸಿದ್ದೇವೆ. ಚೆನ್ನೆಮಣೆ ಆಟಕ್ಕೆಂದು ಅಜ್ಜಿ ಡಬ್ಬಿಯಲ್ಲಿ ಕೂಡಿಟ್ಟಿದ್ದ ಹುಣಸೆ ಬೀಜಗಳನ್ನು ತಂದು, ಊರಿನದೇ ಕೆಂಪು ಮಣ್ಣು ತುಂಬಿದ ಕುಂಡದಲ್ಲಿ ನವೆಂಬರಿನಲ್ಲಿ ಬಿತ್ತಿದೆ. ಇಪ್ಪತ್ತರಲ್ಲಿ ಮೂರು ಮಾತ್ರ ಮೊಳೆತವು; ಅವೂ ಬುಡ ಕಪ್ಪಾಗಿ ಮಗುಚಿಬಿದ್ದವು. ಬೋನ್ಸಾಯ್‌ಗೆಂದೇ ಬೇರೆ ಬೀಜ ಸಿಗುತ್ತದಂತೆ, ತರಿಸಬೇಕೇ?
– ಓದುಗರೊಬ್ಬರು, ಉದಕಮಂಡಲ

ಉತ್ತರ: ಬೋನ್ಸಾಯ್ ಬೀಜವೆಂಬುದು ಇಲ್ಲ, ಆ ಹೆಸರಿನ ಪೊಟ್ಟಣದಲ್ಲಿ ಬರುವುದು ಸಾಮಾನ್ಯ ಮರದ ಬೀಜವೇ. ಮರವನ್ನು ಗಿಡ್ಡವಾಗಿಸುವುದು ಕುಂಡ, ಕತ್ತರಿ ಮತ್ತು ವರ್ಷಗಳು. ನಿಮ್ಮ ಅಜ್ಜಿಯ ಬೀಜಗಳಲ್ಲೂ ದೋಷವಿರಲಾರದು, ಏಕೆಂದರೆ ಹಲಸು, ಪುನರ್ಪುಳಿಗಳ ಬೀಜಗಳಂತೆ ಹುಣಸೆಯ ಬೀಜ ಒಣಗಿದೊಡನೆ ಸತ್ತುಹೋಗುವುದಿಲ್ಲ. ತಣ್ಣಗಿನ ಒಣ ಡಬ್ಬಿಯಲ್ಲಿ ಹಲವು ವರ್ಷ ಜೀವ ಹಿಡಿದಿರುತ್ತದೆ.

ತಪ್ಪಿದ್ದು ಕಾಲ ಮತ್ತು ಮಣ್ಣು. ಹುಣಸೆ ಚೆನ್ನಾಗಿ ಮೊಳೆಯಲು ಮಣ್ಣಿನ ಉಷ್ಣತೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಇರಬೇಕು. ಸುಮಾರು 2,240 ಮೀಟರ್ ಎತ್ತರದ ನಿಮ್ಮ ಊರಿನಲ್ಲಿ ಡಿಸೆಂಬರ್–ಜನವರಿಯ ಬೆಳಗಿನ ಹೊತ್ತು ಹುಲ್ಲಿನ ಮೇಲೆ ಹಿಮ ಕಟ್ಟುತ್ತದೆ. ಮಳೆಗಾಲದ ತೇವ ಇನ್ನೂ ಆರದ ನವೆಂಬರಿನಲ್ಲಿ ಬಿತ್ತಿದರೆ ಬೀಜ ಮಣ್ಣಿನಲ್ಲಿ ವಾರಗಟ್ಟಲೆ ಸುಮ್ಮನೆ ನೆನೆಯುತ್ತದೆ, ಅಷ್ಟರಲ್ಲಿ ಶಿಲೀಂಧ್ರ ತನ್ನ ಕೆಲಸ ಮುಗಿಸುತ್ತದೆ. ಬುಡ ಕಪ್ಪಾದದ್ದು ಅದರಿಂದಲೇ. ಹುಣಸೆಯನ್ನು ಬರಿಯ ಚಳಿಗಿಂತ ಒದ್ದೆ ಚಳಿಯೇ ಹೆಚ್ಚು ಬೇಗ ಕೊಲ್ಲುತ್ತದೆ. ಊರಿನ ಮಣ್ಣಿನ ಮೇಲಿನ ಮಮತೆ ಅರ್ಥವಾಗುತ್ತದೆ, ಆದರೆ ಬದಿಯಡ್ಕದ ಬಿಸಿಲಿನಲ್ಲಿ ಬೇಗ ಆರುವ ಅದೇ ಜಿಗುಟು ಮಣ್ಣು ಊಟಿಯ ಕುಂಡದಲ್ಲಿ ಕೆಸರಾಗಿಯೇ ಉಳಿಯುತ್ತದೆ. ಹೆಸರುಕಾಳಿನ ಗಾತ್ರಕ್ಕೆ ಜರಡಿ ಹಿಡಿದು, ಹುಡಿ ತೆಗೆದ ಇಟ್ಟಿಗೆ ಚೂರು ಎರಡು ಪಾಲು, ತೊಳೆದ ತೆಂಗಿನ ನಾರಿನ ಹುಡಿ ಒಂದು ಪಾಲು ಸೇರಿಸಿ. ಬೇಕಿದ್ದರೆ ಮಮತೆಗೆಂದು ಒಂದು ಹಿಡಿ ಊರಿನ ಮಣ್ಣು.

ಮಾರ್ಚ್ ಕೊನೆಯಲ್ಲಿ ಬಿತ್ತಿ. ಬೀಜದ ಒಂದು ಅಂಚನ್ನು ಒರಟು ಕಲ್ಲಿಗೆ ಉಜ್ಜಿ, ಕಂದು ಸಿಪ್ಪೆಯೊಳಗಿನ ಬಿಳಿ ತುಸುವೇ ಕಂಡೊಡನೆ ನಿಲ್ಲಿಸಿ, ರಾತ್ರಿಯಿಡೀ ಉಗುರು ಬೆಚ್ಚಗಿನ ನೀರಿನಲ್ಲಿ ಹಾಕಿಡಿ. ಉಬ್ಬಿದವನ್ನು ಒಂದು ಸೆಂಟಿಮೀಟರ್ ಆಳಕ್ಕೆ ಊರಿ, ಕುಂಡವನ್ನು ಫ್ರಿಜ್ಜಿನ ಮೇಲೋ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲೋ ಇಡಿ. ಬೀಜ ಮೊಳೆಯಲು ಬೇಕಾದದ್ದು ಬೆಳಕಲ್ಲ, ಬೇರಿನ ಬಳಿಯ ಶಾಖ. ಎರಡು ದಪ್ಪ ಬೇಳೆಗಳು ಮಣ್ಣಿನ ಮೇಲೆದ್ದ ದಿನವೇ ಬಿಸಿಲು ಬೀಳುವ ಕಿಟಕಿಗೆ ಸಾಗಿಸಿ. ಸಂಜೆಯಾಗುತ್ತಲೇ ಎಳೆಯ ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಳ್ಳುವುದನ್ನು ಕಂಡು ಬಾಡಿತೆಂದು ನೀರು ಸುರಿಯಬೇಡಿ. ಅದು ಹುಣಸೆಯ ನಿದ್ದೆ.

ಎಲೆಗಳು ಬಲಿತ ಮೇಲೆ, ಮೇ ತಿಂಗಳಲ್ಲಿ ಸಸಿಯನ್ನು ಎತ್ತಿ ತಾಯಿಬೇರಿನ ತುದಿಯ ಮೂರನೆಯ ಒಂದು ಭಾಗವನ್ನು ಕತ್ತರಿಸಿ ಮತ್ತೆ ನೆಡಿ. ಪಕ್ಕದ ಬೇರುಗಳು ಸುತ್ತಲೂ ಹರಡಿದರೆ ಮಾತ್ರ ಮುಂದೆ ತಟ್ಟೆಯಂಥ ಕುಂಡದಲ್ಲಿ ಮರ ನಿಂತೀತು. ಆದರೆ ಆ ಕುಂಡಕ್ಕೆ ಆತುರ ಬೇಡ. ಅದರಲ್ಲಿ ಕಾಂಡ ದಪ್ಪವಾಗುವುದು ನಿಂತೇಹೋಗುತ್ತದೆ. ನನ್ನನ್ನು ಕೇಳಿದರೆ, ಎರಡು ಸಸಿಗಳನ್ನು ಮೂಲಮನೆಯ ಅಂಗಳದಲ್ಲಿ ನೆಟ್ಟು ನಾಲ್ಕೈದು ವರ್ಷ ಕೊಬ್ಬಲು ಬಿಟ್ಟು, ಕಾಂಡ ಹೆಬ್ಬೆರಳಿಗಿಂತ ದಪ್ಪವಾದ ಮೇಲೆ ಮೊಟಕುಗೊಳಿಸಿ, ಒಂದು ಏಪ್ರಿಲಿನಲ್ಲಿ ಘಟ್ಟದ ಮೇಲೆ ತರುವುದು ಜಾಣತನ. ಊಟಿಯಲ್ಲಿ ಅದೇ ದಪ್ಪಕ್ಕೆ ಬಹಳ ಹೆಚ್ಚು ಕಾಲ ಬೇಕು.

ಚಳಿಗಾಲದಲ್ಲಿ ಕುಂಡ ಮನೆಯೊಳಗೆ, ದಕ್ಷಿಣದ ಕಿಟಕಿಯಲ್ಲಿರಲಿ. ಆಗ ಸೂರ್ಯ ಆ ಕಡೆಗೆ ವಾಲಿರುತ್ತಾನೆ. ಗೊಬ್ಬರ, ಕತ್ತರಿ ಎರಡೂ ಬೇಡ. ಮೇಲಿನ ಒಂದು ಅಂಗುಲ ಒಣಗಿದ ಮೇಲಷ್ಟೇ, ಮಧ್ಯಾಹ್ನದ ಹೊತ್ತು ನೀರು. ಎಲೆ ಉದುರಿದರೆ ಉಗುರಿನಿಂದ ತೊಗಟೆ ಗೀರಿ ನೋಡಿ. ಒಳಗೆ ಹಸಿರಿದ್ದರೆ ಕಾಯಿರಿ.

ಪ್ರಶ್ನೆ: ಅಶ್ವತ್ಥದ ಹಣ್ಣುಗಳನ್ನು ಹಾಗೆಯೇ ಕುಂಡದಲ್ಲಿ ಹೂತಿಟ್ಟೆ. ಒಂದೂ ಮೊಳೆಯಲಿಲ್ಲವೇಕೆ?
– ಓದುಗರೊಬ್ಬರು, ಕೂನೂರು

ಉತ್ತರ: ಅದರ ಬೀಜ ಸಾಸಿವೆಗಿಂತ ಚಿಕ್ಕದು, ಮೊಳೆಯಲು ಬೆಳಕು ಬೇಕು, ಹೂತರೆ ಮೊಳೆಯದು. ಹಣ್ಣನ್ನು ಹಿಸುಕಿ ತೊಳೆದು, ತಳಕ್ಕಿಳಿದ ಬೀಜಗಳನ್ನು ಮಣ್ಣಿನ ಮೇಲೆ ಉದುರಿಸಿ ಗಾಜು ಮುಚ್ಚಿ. ಅಶ್ವತ್ಥದ ಪರಾಗಸ್ಪರ್ಶ ಮಾಡುವ ಕಿರು ಕಣಜ ಬಾರದ ಕಡೆ ಹಣ್ಣಾದರೂ ಬೀಜ ಪೊಳ್ಳಾಗಿರುವುದರಿಂದ, ಕೆಳಗಿನ ಬಯಲು ಸೀಮೆಯಿಂದ ಹಣ್ಣು ತರುವುದು ಮೇಲು.

ಪ್ರಶ್ನೆ: ಸವಣೂರಿನ ದೊಡ್ಡ ಹುಣಸೆ ಮರದ ಬೀಜ ಸಿಕ್ಕಿದೆ. ಇದಕ್ಕೂ ಹುಣಸೆಯ ಆರೈಕೆಯೇ?
– ಓದುಗರೊಬ್ಬರು, ಕೋಟಗಿರಿ

ಉತ್ತರ: ಹೆಸರಷ್ಟೇ ಹುಣಸೆ, ಅದು ಆಫ್ರಿಕಾ ಮೂಲದ ಬಾವೊಬಾಬ್. ಸಿಪ್ಪೆ ಉಜ್ಜಿ ನೆನೆಸಿ ಬಿತ್ತುವ ಕ್ರಮ ಒಂದೇ. ಆದರೆ ಒಣ ಕಾಲದಲ್ಲಿ ಎಲೆಯುದುರಿಸಿ, ಕಾಂಡದಲ್ಲಿ ಕೂಡಿಟ್ಟ ನೀರಿನಲ್ಲಿ ಕಾಲ ತಳ್ಳುವುದು ಅದರ ಸ್ವಭಾವವಾದ್ದರಿಂದ, ನವೆಂಬರಿನಲ್ಲಿ ಎಲೆ ಹಳದಿಯಾದೊಡನೆ ನೀರು ನಿಲ್ಲಿಸಿ, ಕುಂಡವನ್ನು ಒಳಗಿಟ್ಟು, ಮಾರ್ಚಿನಲ್ಲಿ ಮೊಗ್ಗು ಉಬ್ಬುವವರೆಗೆ ಅದನ್ನು ಮರೆತುಬಿಡಿ.